ಸಾವಿರ ಬೀಡಿಯ ಮನೆಯಲ್ಲೊಂದು ಚೂಟಿ ಕೂಸು

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಕೂಲಿ ಸಿಗುವುದು ಸಾವಿರದ ಲೆಕ್ಕದಲ್ಲಿ. ನೆನೆಸಿಟ್ಟ ಎಲೆಯನ್ನು ತಗಡಿನ ಅಳತೆ ಇಟ್ಟು ಕತ್ತರಿಸಬೇಕು, ಚಿಟಿಕೆ ತಂಬಾಕು ಹಾಕಿ ಸುತ್ತಬೇಕು, ತುದಿ ಮಡಚಿ ನೂಲು ಕಟ್ಟಬೇಕು, ಇಪ್ಪತ್ತೈದರ ಕಟ್ಟು ಮಾಡಬೇಕು. ಅಂಥ ನಲವತ್ತು ಕಟ್ಟಾದರೆ ಒಂದು ಸಾವಿರ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂತವಳು ಮೇಲಿಂದ ಮೇಲೆ ಏಳುವಂತಿಲ್ಲ. ಎದ್ದಷ್ಟೂ ಕೂಲಿ ಖೋತಾ. ಅದೇ ಮನೆಯಲ್ಲಿ ಮೂರೂವರೆ ವರ್ಷದ ಚೂಟಿ ಕೂಸೊಂದು ಇದ್ದರೆ ಆ ತಾಯಿಯ ದಿನ ಹೇಗೆ ಹೋದೀತು? ನೂಲಿನ ಉಂಡೆ ಹೊಸ್ತಿಲು ದಾಟಿ ಗಟಾರ ಸೇರುತ್ತದೆ. ಎಣಿಸಿಟ್ಟ ಕಟ್ಟು ಬಿಚ್ಚಿ ಮನೆತುಂಬ ಹರಡುತ್ತದೆ. ಕತ್ತರಿ ಕಸಿದುಕೊಂಡರೆ ಕೂಸು ನೆಲಕ್ಕೆ ಬಿದ್ದು ಉಸಿರು ಕಟ್ಟುವಂತೆ ಅಳುತ್ತದೆ. ಅದರ ಅಳು ಓಣಿಯ ಈ ತುದಿಯಿಂದ ಆ ತುದಿಗೆ ಕೇಳುತ್ತದೆ.

ಆಗ ಓಣಿಯವರೆಲ್ಲ ಸಲಹೆ ಕೊಡಲು ಬರುತ್ತಾರೆ. “ನಾಕ ಏಟ ಹಾಕವ್ವಾ, ತಾನ ದಾರಿಗಿ ಬರ್ತಾನ” ಎನ್ನುವವರು ಕೆಲವರು. “ನೀನ ಭಾಳ ಲಾಡ ಮಾಡಿ ಕೆಡಸಿ” ಎನ್ನುವವರು ಹಲವರು. ದೃಷ್ಟಿ ತೆಗೆಯಲು ಮೆಣಸಿನಕಾಯಿ ಉಪ್ಪು ಹಿಡಿದು ಬರುವ ಆಯಿಯೂ ಉಂಟು. ಈ ಮಾತುಗಳೆಲ್ಲ ಕೊನೆಗೆ ಬಂದು ಕೂರುವುದು ತಾಯಿಯ ತಲೆಯ ಮೇಲೆ. ಕೂಸು ಉಡಾಳ ಆಗಿದ್ದು ತನ್ನಿಂದಲೇ ಎಂದು ಅವಳೂ ನಂಬುತ್ತಾಳೆ. ಈ ನಂಬಿಕೆ ತಪ್ಪು ಎಂದು ಹೇಳುವುದಕ್ಕಾಗಿಯೇ ಈ ಲೇಖನ.

ನ್ಯೂಯಾರ್ಕ್‌ನ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ಹಸುಗೂಸಿನಿಂದಲೇ ಗಮನಿಸಲು ತೊಡಗಿದರು. ಆ ಮಕ್ಕಳು ದೊಡ್ಡವರಾಗುವವರೆಗೂ ಬೆನ್ನುಬಿಡಲಿಲ್ಲ. ಹುಟ್ಟಿದ ಕೆಲವೇ ತಿಂಗಳಲ್ಲಿ ಪ್ರತಿ ಕೂಸಿಗೂ ತನ್ನದೇ ಒಂದು ಸ್ವಭಾವ ಇರುವುದು ಅವರಿಗೆ ಕಂಡಿತು. ಕೈಕಾಲು ಆಡಿಸುವ ಹುರುಪು, ಅಳು ನಗುವಿನ ಜೋರು, ಹಿಡಿದ ಹಟ, ಹೊಸದಕ್ಕೆ ಒಗ್ಗುವ ಬಗೆ, ಹಸಿವು ನಿದ್ದೆಯ ನಿಯಮ ಹೀಗೆ ಒಂಬತ್ತು ಗುಣಗಳನ್ನು ಅವರು ಗುರುತಿಸಿದರು. ನೂರಕ್ಕೆ ಹತ್ತರಷ್ಟು ಮಕ್ಕಳಲ್ಲಿ ಅಳು ಜೋರು, ಹೊಸದಕ್ಕೆ ಒಗ್ಗುವುದು ನಿಧಾನ, ಹಸಿವು ನಿದ್ದೆಗೆ ನಿಯಮವಿಲ್ಲ. ಇದು ತಾಯಿ ಕಲಿಸಿದ್ದಲ್ಲ, ಅಪ್ಪ ಕೆಡಿಸಿದ್ದೂ ಅಲ್ಲ. ಅವರು ಕಂಡ ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ ಎನಿಸುತ್ತದೆ: ಮುಂದೆ ಮಗುವಿಗೆ ತೊಂದರೆಯಾಯಿತೇ ಇಲ್ಲವೇ ಎಂಬುದನ್ನು ಅದರ ಸ್ವಭಾವ ಒಂದೇ ತೀರ್ಮಾನಿಸಲಿಲ್ಲ. ಆ ಸ್ವಭಾವಕ್ಕೂ ಸುತ್ತಲಿನ ಮನೆ, ಮಂದಿ, ಜಾಗಕ್ಕೂ ಹೊಂದಿಕೆಯಾಯಿತೇ ಎಂಬುದು ತೀರ್ಮಾನಿಸಿತು.

ಇದಕ್ಕೆ ಪೂರ್ವ ಆಫ್ರಿಕದ ಒಂದು ಸಣ್ಣ ಅಧ್ಯಯನವನ್ನು ಸೇರಿಸಬೇಕು. 1970ರ ದಶಕದಲ್ಲಿ ಮಾರ್ಟನ್ ಡಿವ್ರೀಸ್ ಎಂಬ ವೈದ್ಯ ಮಸಾಯಿ ದನಗಾಹಿಗಳ ನಡುವೆ ಸೌಮ್ಯ ಸ್ವಭಾವದ ಹತ್ತು ಕೂಸುಗಳನ್ನೂ ಹಟಮಾರಿ ಸ್ವಭಾವದ ಹತ್ತು ಕೂಸುಗಳನ್ನೂ ಗುರುತಿಸಿಟ್ಟಿದ್ದರು. ಅಷ್ಟರಲ್ಲಿ ಘೋರ ಬರ ಬಿತ್ತು. ಕೆಲ ತಿಂಗಳ ನಂತರ ಅವರು ಮರಳಿ ಹೋದಾಗ ಹದಿಮೂರು ಮನೆಗಳಷ್ಟೇ ಪತ್ತೆಯಾದವು. ಸೌಮ್ಯ ಕೂಸುಗಳಿದ್ದ ಏಳು ಮನೆಗಳಲ್ಲಿ ಐದು ಕೂಸು ತೀರಿಹೋಗಿದ್ದವು. ಅತ್ತು ಕರೆದು ಗದ್ದಲ ಮಾಡುವ ಕೂಸುಗಳಿದ್ದ ಆರು ಮನೆಗಳಲ್ಲಿ ಸತ್ತದ್ದು ಒಂದೇ. ಸಂಖ್ಯೆ ಚಿಕ್ಕದು, ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಲಾಗದು. ಆದರೆ ಜೋರಾಗಿ ಅತ್ತು ಹಾಲು ಕೇಳುವ ಶಕ್ತಿ ಬರಗಾಲದಲ್ಲಿ ಜೀವ ಉಳಿಸಿರಬಹುದು ಎಂದು ಓದಿದಾಗ ನನಗೆ ನಮ್ಮ ಓಣಿಯ ಕೂಸುಗಳೆಲ್ಲ ಕಣ್ಣ ಮುಂದೆ ಬಂದವು. ನಾವು ಹೊಡೆದು ಅಡಗಿಸಲು ಹೊರಟ ಗುಣ ಅದೇ ಅಲ್ಲವೇ?

ಹೊಂದಿಕೆಯ ಮಾತಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈಕೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಷ್ಟು ಓಡಬೇಕು, 10ರಿಂದ 13 ಗಂಟೆ ನಿದ್ದೆ ಮಾಡಬೇಕು, ಮೊಬೈಲ್ ಟಿವಿ ಒಂದು ಗಂಟೆ ದಾಟಬಾರದು ಎಂದು ಅದು ಹೇಳುತ್ತದೆ. ಸಾಮಾನ್ಯ ಕೂಸಿಗೇ ಮೂರು ಗಂಟೆ. ನಮ್ಮ ಚೂಟಿ ಕೂಸಿಗೆ ಎಷ್ಟು ಬೇಕಾದೀತು? ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ಅದು ಎಲ್ಲಿ ಓಡಬೇಕು? ಬಾಗಿಲು ತೆರೆದರೆ ಮೋಟರ್‌ಸೈಕಲ್, ಊರಂಚಿಗೆ ಹೋದರೆ ಪುಣೆ–ಬೆಂಗಳೂರು ಹೆದ್ದಾರಿ. ಒಳಗೆ ಇದ್ದರೆ ತಂಬಾಕಿನ ಘಾಟು. ತಂಬಾಕಿನ ಪುಡಿ ಬಾಯಿಗೆ ಹೋದರೆ ಸಣ್ಣ ಕೂಸಿಗೆ ಅದು ವಿಷ. ವಾಂತಿ, ಜೊಲ್ಲು, ಮಂಕು ಕಂಡರೆ ತಡಮಾಡದೆ ದವಾಖಾನೆಗೆ ಒಯ್ಯಬೇಕು. ಆದ್ದರಿಂದ ತಾಯಿ ಮತ್ತೆ ಮತ್ತೆ “ಮುಟ್ಟಬ್ಯಾಡ, ಹೋಗಬ್ಯಾಡ, ಸುಮ್ನ ಕೂಡು” ಎನ್ನುತ್ತಾಳೆ. ಅವಳ ತಪ್ಪಲ್ಲ, ಅವಳಿಗೆ ಬೇರೆ ದಾರಿ ಇಲ್ಲ. ದಿನವಿಡೀ ಬೇಡ ಎನ್ನಿಸಿಕೊಂಡ ಕೂಸು ಸಂಜೆಗೆ ಸಿಡಿಯುತ್ತದೆ. ಅದರ ತಪ್ಪೂ ಅಲ್ಲ.

ಈ ಊರಿನ ಹೆಣ್ಣುಮಕ್ಕಳು ತಲೆ ತಗ್ಗಿಸಿ ಕೂತವರಲ್ಲ. 1981ರ ತಂಬಾಕು ಬೆಳೆಗಾರರ ಚಳವಳಿಯಿಂದ ನಿಪ್ಪಾಣಿಯ ಹೆಸರು ದೇಶಕ್ಕೆಲ್ಲ ತಿಳಿಯಿತು. ಅದರ ಮರುವರ್ಷ, 1982ರಲ್ಲಿ, ದೀಪಾ ಧನರಾಜ್ ಮತ್ತು ಗೆಳತಿಯರ ಯುಗಾಂತರ ತಂಡ ಇಲ್ಲಿಯ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳ ಹೋರಾಟವನ್ನು ಸಾಕ್ಷ್ಯಚಿತ್ರವಾಗಿಸಿತು. ಕೂಲಿಗಾಗಿ, ಮರ್ಯಾದೆಗಾಗಿ ಸಾವಿರಾರು ಹೆಂಗಸರು ಸಂಘ ಕಟ್ಟಿದ ಕತೆ ಅದು. ಕಾರ್ಖಾನೆಯ ಕೆಲಸಕ್ಕೆ ಕಾನೂನಿನ ಆಸರೆಯೂ ಒಂದಿಷ್ಟಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಗಾಳಿ ಬೆಳಕಿನ ಕೋಣೆ ಇರಬೇಕು, ನೋಡಿಕೊಳ್ಳಲು ತರಬೇತಿ ಪಡೆದ ಹೆಂಗಸು ಇರಬೇಕು ಎಂದಿತ್ತು. ಆದರೆ ಎಲೆ, ತಂಬಾಕು ಮನೆಗೆ ಬಂದು ಮನೆಯಲ್ಲೇ ಬೀಡಿ ಕಟ್ಟುವವಳಿಗೆ ಆ ಮಾತು ಅನ್ವಯಿಸಲಿಲ್ಲ. ಮನೆಯೇ ಕಾರ್ಖಾನೆ ಆಯಿತು, ಕೂಸಿನ ಕೋಣೆ ಮಾತ್ರ ಬರಲಿಲ್ಲ.

ಹೊಲದ ಕಡೆಯೂ ಇದೇ ಪಾಡು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಚಳಿಗಾಲದಲ್ಲಿ ಕಬ್ಬು ಕಡಿಯಲು ಟೋಳಿಗಳು ಬರುತ್ತವೆ. ತಾಯಿ ಕಬ್ಬಿನಲ್ಲಿ, ಕೂಸು ಬದುವಿನ ಮೇಲೆ. ಟ್ರ್ಯಾಕ್ಟರ್ ಓಡಾಡುವ ದಾರಿಯಲ್ಲಿ ಚುರುಕು ಕಾಲಿನ ಕೂಸನ್ನು ಬಿಟ್ಟು ಕಬ್ಬು ಕಡಿಯುವ ತಾಯಿಯ ಎದೆ ಎಷ್ಟು ಡವಗುಟ್ಟುತ್ತಿರಬೇಕು.

ಹಾಗಾದರೆ ಈ ಕೂಸುಗಳಿಗೆ ನಮ್ಮ ಸೀಮೆಯಲ್ಲಿ ಹೊಂದುವ ಜಾಗವೇ ಇಲ್ಲವೇ? ಇದೆ. ದೀಪಾವಳಿ ಹತ್ತಿರ ಬಂದಾಗ ನಿಪ್ಪಾಣಿಯ ಓಣಿಗಳಿಗೆ ಬಂದು ನೋಡಿ. ಕಟ್ಟೆಯ ಪಕ್ಕ, ಮನೆಯ ಮುಂದೆ, ಖಾಲಿ ಜಾಗದಲ್ಲಿ ಮಕ್ಕಳು ಮಣ್ಣಿನ ಕಿಲ್ಲೆ ಕಟ್ಟುತ್ತಾರೆ. ಕೊಲ್ಲಾಪುರ, ಬೆಳಗಾವಿ ಕಡೆಗೆಲ್ಲ ಇರುವ ರೂಢಿ ಇದು. ಇಟ್ಟಿಗೆಯ ಚೂರು, ಕಲ್ಲು, ಹಳೇ ಗೋಣಿತಟ್ಟು ಎಲ್ಲಿಂದಲೋ ಹೊತ್ತು ತರುತ್ತಾರೆ. ಕಲ್ಲು ಪೇರಿಸಿ ಅದರ ಮೇಲೆ ಕೆಸರಲ್ಲಿ ಅದ್ದಿದ ಗೋಣಿ ಹೊದಿಸಿ ಗುಡ್ಡ ಮಾಡುತ್ತಾರೆ. ಬುರುಜು, ಮಹಾದ್ವಾರ, ಮೆಟ್ಟಿಲು, ನೀರಿನ ಟಾಕಿ, ಗುಹೆ ಒಂದೊಂದಾಗಿ ಏಳುತ್ತವೆ. ಇಳಿಜಾರಿಗೆ ಸಾಸಿವೆ ಚೆಲ್ಲಿ ದಿನಾ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಹಸಿರು ಮೊಳೆತಿರುತ್ತದೆ. ಮೇಲೆ ಸಿಂಹಾಸನದಲ್ಲಿ ಶಿವಾಜಿ ಮಹಾರಾಜರು, ಸುತ್ತ ಮಣ್ಣಿನ ಮಾವಳೆ ಸೈನಿಕರು. ಒಂದು ಓಣಿಯದು ಪನ್ಹಾಳ, ಪಕ್ಕದ್ದು ರಾಯಗಡ.

ಆ ಗುಂಪಿನಲ್ಲಿ ಚೂಟಿ ಕೂಸು ಎಲ್ಲಿರುತ್ತದೆ ಎಂದು ನೋಡಬೇಕು. ನಟ್ಟನಡುವೆ, ಮೊಳಕೈ ತನಕ ಕೆಸರು. ಮನೆಯಲ್ಲಿ ಐದು ನಿಮಿಷ ಕೂಡದ ಕೂಸು ಇಲ್ಲಿ ಕತ್ತಲಾಗುವ ತನಕ ಕಲ್ಲು ಹೊರುತ್ತದೆ. ಬುರುಜು ಕುಸಿದರೆ ಸಿಟ್ಟು ಬರುತ್ತದೆ, ಅತ್ತು ಮತ್ತೆ ಕಟ್ಟುತ್ತದೆ. ಮನೆಯಲ್ಲಿ ಹಟ ಎನಿಸಿಕೊಂಡದ್ದು ಇಲ್ಲಿ ಪಟ್ಟು ಎನಿಸಿಕೊಳ್ಳುತ್ತದೆ. ಹತ್ತು ಹನ್ನೆರಡರ ಅಣ್ಣಂದಿರು ಅಕ್ಕಂದಿರು ಅದಕ್ಕೆ ಸರಿಯಾದ ಕೆಲಸ ಹಚ್ಚುತ್ತಾರೆ: ನೀರು ತಾ, ಸಾಸಿವೆ ಹಾಕು, ಕೋಳಿ ಬಂದರೆ ಓಡಿಸು. ಆ ಮಕ್ಕಳ ಜಗಳ ಮರಾಠಿಯಲ್ಲಿ ಶುರುವಾಗಿ ಮನೆಯ ಬಾಗಿಲಿಗೆ ಕನ್ನಡದ ಚಾಡಿಯಾಗಿ ಬರುತ್ತದೆ, ಅಷ್ಟರಲ್ಲಿ ಮರೆತೂ ಹೋಗುತ್ತದೆ. ದೊಡ್ಡವರು ಯಾರೂ ಕೋಲು ಹಿಡಿದು ನಿಂತಿರುವುದಿಲ್ಲ. ಭಾರ ಹೊರುವ ಕೆಲಸ, ಒದ್ದೆ ಮಣ್ಣು, ಬೇರೆ ಬೇರೆ ವಯಸ್ಸಿನ ಜೊತೆಗಾರರು, ಕಣ್ಣಿಗೆ ಕಾಣುವ ಫಲ ಇವೆಲ್ಲ ಒಂದೇ ಕಡೆ ಸಿಗುವ ಶಾಲೆಯನ್ನು ನಾನು ಇನ್ನೂ ಕಂಡಿಲ್ಲ.

ನಮ್ಮ ಹಿರಿಯರು ವರ್ಷದ ಉದ್ದಕ್ಕೂ ಮಕ್ಕಳ ಕೈಕಾಲಿಗೆ ಕೆಲಸ ಇಟ್ಟಿದ್ದರು. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣು ಕಲಸುವುದು, ಪಂಚಮಿಗೆ ಜೋಕಾಲಿ. ಹಬ್ಬ ಮುಗಿದ ಮೇಲಿನ ದಿನಗಳದೇ ಚಿಂತೆ.

ಆ ದಿನಗಳಿಗೆ ಉಪಾಯ ನಾನು ಕಂಡದ್ದು ನನ್ನ ತಂಗಿಯ ಮನೆಯಲ್ಲಿ. ಅವಳ ಮಗಳೂ ಇಂಥದೇ ಕೂಸು. ಬೆಳಿಗ್ಗೆ ತಲೆ ಬಾಚುವುದರಿಂದ ರಾತ್ರಿ ಹಾಸಿಗೆ ಸೇರುವ ತನಕ ಅವಳಿಗೆ ಪ್ರತಿಯೊಂದೂ ಯುದ್ಧ. ಆ ಮನೆಯಲ್ಲಿ ಕೆಲಸಕ್ಕೆ ಬಂದದ್ದು ದೊಡ್ಡ ಉಪಾಯಗಳಲ್ಲ. “ಈ ರೊಟ್ಟಿ ಸುಟ್ಟ ಮ್ಯಾಲೆ ಹೊರಡೂದು” ಎಂದು ಮೊದಲೇ ಹೇಳುವುದು ಒಂದು. ಧುತ್ತೆಂದು ಎಬ್ಬಿಸಿದರೆ ರಂಪ, ಮುಂಚೆ ಹೇಳಿದರೆ ಅರ್ಧ ರಂಪ. ಕೆಂಪು ರಿಬ್ಬನ್ನೋ ಹಳದಿಯದೋ ಎಂದು ಕೇಳಿದರೆ ಅವಳ ಹಟಕ್ಕೆ ಆಯ್ಕೆಯ ದಾರಿ ಸಿಗುತ್ತದೆ. ತುಂಬಿದ ತಂಬಿಗೆ ಒಯ್ಯುವುದು, ಶೇಂಗಾ ಸುಲಿಯುವುದು, ಹಿಟ್ಟು ನಾದುವುದು ಇಂಥ ಮೈಕೈ ಕೆಲಸ ಕೊಟ್ಟ ದಿನ ಅವಳ ಮೈ ಹಗುರ. ರಂಪದ ನಟ್ಟನಡುವೆ ಬುದ್ಧಿ ಹೇಳುವುದು ಉಕ್ಕುವ ಹಾಲಿಗೆ ಬುದ್ಧಿ ಹೇಳಿದಂತೆ. ಆಗ ಪಕ್ಕದಲ್ಲಿ ದನಿ ತಗ್ಗಿಸಿ ಕೂತರೆ ಸಾಕು, ಮಾತು ಆಮೇಲೆ. ತನ್ನನ್ನು ತಾನೇ ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ವರ್ಷ ದಾಟಬೇಕು, ನಾಲ್ಕರ ಕೂಸಿನಿಂದ ಆ ತಡೆಯನ್ನು ಬೇಡುವುದು ನ್ಯಾಯವಲ್ಲ.

ಇದೆಲ್ಲಕ್ಕಿಂತ ಹೆಚ್ಚು ನೆರವಾದವರು ಅವಳ ಅಜ್ಜ. ದಿನಾ ಸಂಜೆ ಬೆರಳು ಹಿಡಿದು ಬಸ್ ಸ್ಟ್ಯಾಂಡಿನ ತನಕ ನಡೆಸಿಕೊಂಡು ಹೋಗುತ್ತಾರೆ. ಕೊಲ್ಲಾಪುರದ ಕೆಂಪು ಬಸ್ಸು, ಚಿಕ್ಕೋಡಿಯ ಬಸ್ಸು ನೋಡಿ, ಹತ್ತು ಪ್ರಶ್ನೆಗೆ ಹತ್ತು ಉತ್ತರ ಪಡೆದು ಬರುತ್ತಾಳೆ. ಆ ಹೊತ್ತು ತಂಗಿಗೆ ಉಸಿರಾಡಲು ಸಿಗುವ ಹೊತ್ತು. ಅಜ್ಜನಿಲ್ಲದ ಮನೆಗಳಲ್ಲಿ ಆ ಜಾಗಕ್ಕೆ ಮೊಬೈಲ್ ಬಂದು ಕೂತಿದೆ. ಬೀಡಿ ಕಟ್ಟುವ ತಾಯಿ ಕೂಸಿನ ಕೈಗೆ ಫೋನ್ ಕೊಟ್ಟರೆ ಅವಳನ್ನು ಬೈಯುವ ಹಕ್ಕು ನನಗಿಲ್ಲ. ಫೋನ್ ಕಸಿದ ಮರುಗಳಿಗೆ ರಂಪ ಇಮ್ಮಡಿಯಾಗುತ್ತದೆ ಎಂಬುದನ್ನೂ ಅವಳೇ ನನಗಿಂತ ಚೆನ್ನಾಗಿ ಬಲ್ಲಳು.

ಒಂದು ಎಚ್ಚರಿಕೆ. ಮಾತು ತಡವಾದರೆ, ಕರೆದರೆ ತಿರುಗಿ ನೋಡದಿದ್ದರೆ, ಕಲಿತದ್ದು ಮರೆಯುತ್ತಿದ್ದರೆ ಅದನ್ನು ಚೂಟಿತನ ಎಂದು ತಳ್ಳಿಹಾಕಬಾರದು. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆ ದಿನ ಕೂಸನ್ನು ತಪ್ಪಿಸದೆ ಕರೆದೊಯ್ಯಬೇಕು.

ಅಂಗನವಾಡಿಯ ಮೂಲ ಕಲ್ಪನೆಯೇ ಇಂಥ ಕೂಸುಗಳಿಗಾಗಿ ಹುಟ್ಟಿದ್ದು. 1945ರಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಡವರ ಮನೆಯಂಗಳದಲ್ಲೇ ಶಾಲೆ ನಡೆಸಿದರು. ಕಲ್ಲು, ಚಿಪ್ಪು, ಬೀಜಗಳೇ ಆಟಿಗೆ. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ಅದೇ ಹೆಸರನ್ನು ದೇಶಕ್ಕೆಲ್ಲ ತಂದಿತು, ಕರ್ನಾಟಕದಲ್ಲಿ ತಿ. ನರಸೀಪುರದಿಂದ ಶುರುವಾಯಿತು. ಈಗ ರಾಜ್ಯದ ಹಲವು ಗ್ರಾಮ ಪಂಚಾಯಿತಿಗಳಲ್ಲಿ ಸಣ್ಣ ಮಕ್ಕಳಿಗೆ ‘ಕೂಸಿನ ಮನೆ’ ಇದೆ. ಉದ್ಯೋಗ ಖಾತ್ರಿಯ ತಾಯಂದಿರನ್ನು ಕಣ್ಣಮುಂದಿಟ್ಟುಕೊಂಡ ಯೋಜನೆ ಅದು. ಊರೊಳಗೆ ಮನೆಯಲ್ಲೇ ಬೀಡಿ ಕಟ್ಟುವ ತಾಯಿ ಅದರ ಹೊರಗೆ ಉಳಿದಿದ್ದಾಳೆ. ಅಂಗನವಾಡಿ ಬಾಗಿಲು ಹಾಕಿದ ಮೇಲೂ ಅವಳ ಸಾವಿರ ಮುಗಿದಿರುವುದಿಲ್ಲ.

ನಗರಸಭೆಯವರಲ್ಲಿ ನನ್ನ ಕೋರಿಕೆ ಇಷ್ಟು: ಬೀಡಿ ಕಟ್ಟುವ ಓಣಿಗಳಲ್ಲಿ ಸಂಜೆಯ ತನಕ ತೆರೆದಿರುವ ಕೂಸಿನ ಮನೆಗಳನ್ನು ಮಾಡಿ. ಶಿಕ್ಷಣ ಸಂಸ್ಥೆಗಳವರಲ್ಲಿ ಇನ್ನೊಂದು: ಶಾಲೆ ಬಿಟ್ಟ ಕೂಡಲೇ ಮೈದಾನದ ಗೇಟಿಗೆ ಬೀಗ ಹಾಕಬೇಡಿ, ಹೊತ್ತು ಮುಳುಗುವ ತನಕ ಓಣಿಯ ಮಕ್ಕಳಿಗೆ ಬಿಡಿ. ಓದುಗರೇ, ನಿಮ್ಮ ಪಕ್ಕದ ಮನೆಯಲ್ಲಿ ಅಂಥ ಕೂಸಿದ್ದರೆ ಅದರ ತಾಯಿಗೆ ಸಲಹೆ ಕೊಡುವ ಬದಲು ಸಂಜೆ ಒಂದು ತಾಸು ಆ ಕೂಸಿನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ.