ತೊಲೆಯ ಮೇಲಣ ಭಯ

ಅಂಗಸಾಧನೆಯಲ್ಲಿ ಚತುರೆಯಾದ ಬಾಲಿಕೆಯು ನೆಲದ ಮೇಲೆ ನಿರಾಯಾಸವಾಗಿ ಹಿಂದಕ್ಕೆ ಲಾಗ ಹಾಕುತ್ತಿದ್ದರೂ, ಅದನ್ನೇ ತೊಲೆಯ ಮೇಲೆ ಹಾಕಬೇಕಾದಾಗ ಕಲ್ಲಿನಂತೆ ನಿಂತುಬಿಡುವುದುಂಟು. ನೋಡುವವರು ಇದನ್ನು ಹೇಡಿತನವೆಂದೋ ಮೊಂಡುತನವೆಂದೋ ತಿಳಿಯುವರು. ಎರಡೂ ಅಲ್ಲ. ಸ್ತ್ರೀಯರ ಸ್ಪರ್ಧೆಯ ತೊಲೆಯು 5 ಮೀಟರು ಉದ್ದ, ಕೇವಲ 10 ಸೆಂಟಿಮೀಟರು ಅಗಲ. ನೆಲದಿಂದ 125 ಸೆಂಟಿಮೀಟರು ಎತ್ತರ. ಹಿಂದಕ್ಕೆ ಹಾರುವವಳಿಗೆ ಕೈಯೂರುವ ಸ್ಥಳವು ಮೊದಲು ಕಾಣಿಸದು. ಕಾಣದ ಕಡೆಗೆ ಹಾರದಂತೆ ದೇಹವು ತಡೆಯುವುದು ಆತ್ಮರಕ್ಷಣೆಯ ಸಹಜಧರ್ಮವೇ ಸರಿ.

ಆದುದರಿಂದ ಗದರಿಸಿ ಹಾರಿಸುವುದು ಅಪಾಯಕರ. ಅರೆಮನಸ್ಸಿನಿಂದ ಹಾರಿದವಳು ನಡುವೆ ತಡೆದಳಾದರೆ, ಕೈಯೂರುವ ಬದಲು ತಲೆಯೋ ಕುತ್ತಿಗೆಯೋ ತಾಗೀತು.

ಸರಿಯಾದ ಕ್ರಮವೇನೆಂದರೆ, ಮೊದಲು ನೆಲದ ಮೇಲೆಳೆದ ಗೆರೆಯಲ್ಲಿ, ಬಳಿಕ ತಗ್ಗಾದ ತೊಲೆಯಲ್ಲಿ ಅಭ್ಯಾಸ ಮಾಡಿಸಬೇಕು. ಅನಂತರ ಎತ್ತರದ ತೊಲೆಯ ಇಕ್ಕೆಲಗಳಲ್ಲಿಯೂ ಮೆತ್ತೆಗಳನ್ನು ಪೇರಿಸಿ, ಶಿಕ್ಷಕಿಯು ಬೆನ್ನಿಗೆ ಕೈಯೊಡ್ಡಿ ನಿಲ್ಲಬೇಕು. ಧೈರ್ಯವು ನೆಲೆಗೊಂಡಂತೆ ಮೆತ್ತೆಗಳನ್ನು ಒಂದೊಂದಾಗಿ ತೆಗೆಯಬೇಕು. ಕೈಯಾಸರೆಯನ್ನು ಬಿಡುವ ದಿನವನ್ನು ಮುಂಚಿತವಾಗಿ ಅವಳಿಗೆ ತಿಳಿಸಿಯೇ ಬಿಡಬೇಕು. ಹಿಡಿಯುವೆನೆಂದು ಹೇಳಿ ಹಿಡಿಯದಿದ್ದರೆ, ಆಮೇಲೆ ಅವಳು ಯಾರ ಕೈಯನ್ನೂ ನಂಬಳು.

ಭಯವು ಮರಳಿ ಬಂದರೆ ಒಂದು ಮೆಟ್ಟಲು ಕೆಳಗಿಳಿಯಬೇಕು. ಇದರಲ್ಲಿ ಅವಮಾನವೇನೂ ಇಲ್ಲ. ಅಮೆರಿಕದ ಸಿಮೋನ್ ಬೈಲ್ಸ್ ಎಂಬಾಕೆಯು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ, ಗಾಳಿಯಲ್ಲಿ ತಿರುಗುವಾಗ ತಾನೆಲ್ಲಿರುವೆನೆಂಬ ಅರಿವು ತಪ್ಪಿದ್ದರಿಂದ, ತಂಡದ ಅಂತಿಮ ಸ್ಪರ್ಧೆಯ ಮಧ್ಯದಲ್ಲಿಯೇ ಹಿಂದೆ ಸರಿದಳು. ಕೆಲವು ದಿನಗಳಾದ ಮೇಲೆ, ತೊಲೆಯಿಂದ ಇಳಿಯುವ ಲಾಗದಲ್ಲಿ ಮೈತಿರುವನ್ನು ಬಿಟ್ಟು, ಸುಲಭವಾದುದನ್ನು ಆರಿಸಿಕೊಂಡು ಕಂಚಿನ ಪದಕವನ್ನು ಪಡೆದಳು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮೂರು ಚಿನ್ನದ ಪದಕಗಳನ್ನೂ ಒಂದು ಬೆಳ್ಳಿಯ ಪದಕವನ್ನೂ ಗೆದ್ದಳು. ಜಗತ್ತೇ ಮೆಚ್ಚಿದ ಪಟುವು ಒಂದು ಮೆಟ್ಟಲು ಇಳಿಯಬಹುದಾದರೆ, ನಮ್ಮ ಮಕ್ಕಳು ಇಳಿದರೆ ತಪ್ಪೇನು?

ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ಮೊದಲ ಸಲ ಸಭೆಯೆದುರು ನಿಂತು ಬಾಯೊಣಗಿ ಮಾತೇ ಹೊರಡದೆ ಹೋದ ದಿನವನ್ನು ನೆನೆದುಕೊಳ್ಳಿರಿ. ಈ ಮಗುವಿನ ಸ್ಥಿತಿಯು ತಿಳಿದೀತು. ಮಾತಾಪಿತೃಗಳಲ್ಲಿಯೂ ಒಂದು ವಿಜ್ಞಾಪನೆ. ಸಂಜೆ ಮಗಳು ಮನೆಗೆ ಬಂದೊಡನೆ “ಇಂದಾದರೂ ಹಾಕಿದೆಯಾ?” ಎಂದು ಕೇಳಬೇಡಿರಿ. ಬಹುಮಾನದ ಆಸೆಯನ್ನೂ ತೋರಿಸಬೇಡಿರಿ. ಆಸೆಗೆ ಬಿದ್ದು ಹಾರಿದವಳಿಗೂ ಕಾಲು ತಪ್ಪೀತು. ಒಡಹುಟ್ಟಿದವರೊಡನೆಯೂ ಗೆಳತಿಯರೊಡನೆಯೂ ಹೋಲಿಸಬೇಡಿರಿ. “ಇಂದು ಯಾವ ಮೆಟ್ಟಲಿನವರೆಗೆ ಹೋದೆ, ಮಗಳೇ?” ಎಂದು ಕೇಳಿರಿ. ಅವಳು ಹೇಳುವ ಉತ್ತರವು ಎಷ್ಟೇ ಚಿಕ್ಕದಾಗಿರಲಿ, ಸಂತೋಷದಿಂದ ಕೇಳಿರಿ. ತೊಲೆಯ ಮೇಲೆ ಹಾರಬೇಕಾದವಳು ಅವಳು. ಸಿದ್ಧಳಾದೆನೆಂಬ ಮಾತೂ ಅವಳ ಬಾಯಿಂದಲೇ ಬರಬೇಕು.