ಎರಡು ಪಟ್ಟಿ, ಆರು ಕಾರು

ಸಂಜೆ ವಿಜಯಪುರದ ಗಾಂಧಿ ಚೌಕದಲ್ಲಿ ನಿಂತರೆ ಟಂಟಂ ಆಟೊದವರ ಕೂಗು ಕಿವಿ ತುಂಬುತ್ತದೆ. ‘ಟಿಕೋಟಾ, ಟಿಕೋಟಾ’, ‘ಬಬಲೇಶ್ವರ, ಬಬಲೇಶ್ವರ’. ಕೂಗು ಎಲ್ಲರಿಗೂ ಕೇಳಿಸುತ್ತದೆ. ಚೀಲ ಎತ್ತಿಕೊಂಡು ಏಳುವವರು ಆ ಊರಿನ ಕಡೆಯವರು ಮಾತ್ರ. ಡಿಜಿಟಲ್ ಸ್ಲಾಟ್ ಕಾರ್ ಆಟದೊಳಗಿನ ಎಲೆಕ್ಟ್ರಾನಿಕ್ಸ್ ಇದೇ ಏರ್ಪಾಡಿನ ಮೇಲೆ ನಿಂತಿದೆ. ಒಂದೇ ಹಾದಿಯಲ್ಲಿ ಆರು ಕಾರು ಓಡುತ್ತಿರುತ್ತವೆ, ಆರಕ್ಕೂ ಒಂದೇ ಜೋಡಿ ಲೋಹದ ಪಟ್ಟಿಯಲ್ಲಿ ಸಂದೇಶ ಹೋಗುತ್ತದೆ, ತನ್ನ ಸಂಖ್ಯೆ ಬಂದಾಗ ಮಾತ್ರ ಕಾರು ಅದನ್ನು ತನ್ನದೆಂದು ಹಿಡಿಯುತ್ತದೆ. ಮೋಟಾರು ತಿರುಗಲು ಬೇಕಾದ ವಿದ್ಯುತ್ತೂ ಅದೇ ಪಟ್ಟಿಯಲ್ಲೇ ಬರಬೇಕು. ಈ ತೊಡಕನ್ನು ಬಿಡಿಸಿರುವ ಬಗೆಗಾಗಿಯೇ ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗ ಹುಡುಗಿಯರು ಈ ಆಟಿಕೆಯನ್ನು ಬಿಚ್ಚಿ ನೋಡಬೇಕು ಎನ್ನುತ್ತೇನೆ.

ನಮ್ಮ ಕಡೆ ಈ ಆಟ ಕಂಡವರು ಕಡಿಮೆ, ಆದ್ದರಿಂದ ಮೊದಲು ಅದರ ರೂಪ ಹೇಳಬೇಕು. ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ ಮೇಜಿನ ಮೇಲೋ ನೆಲದ ಮೇಲೋ ರಸ್ತೆ ಮಾಡುತ್ತಾರೆ. ರಸ್ತೆಯ ಪ್ರತಿ ಹಾದಿಯ ಉದ್ದಕ್ಕೂ ಒಂದು ಸೀಳು, ಅದೇ ಸ್ಲಾಟ್. ಸೀಳಿನ ಎರಡೂ ಮಗ್ಗುಲಿಗೆ ಒಂದೊಂದು ಲೋಹದ ಪಟ್ಟಿ. ಕಾರಿನ ಕೆಳಗಿನ ಗೂಟ ಸೀಳಿನಲ್ಲಿ ಕೂರುತ್ತದೆ, ಹೆಣೆದ ತಾಮ್ರದ ಎರಡು ತುಂಡು ಪಟ್ಟಿಗಳನ್ನು ಸವರುತ್ತ ಸಾಗುತ್ತವೆ. ಸ್ಟೀರಿಂಗ್ ಇಲ್ಲ, ಆಟಗಾರನ ಕೈಯಲ್ಲಿರುವುದು ವೇಗದ ಟ್ರಿಗರ್. ತಿರುವಿನಲ್ಲಿ ಜಾಸ್ತಿ ಒತ್ತಿದರೆ ಕಾರು ಹಾರಿ ಹೊರಗೆ ಬೀಳುತ್ತದೆ. ಇಂಗ್ಲೆಂಡಿನ ಮಿನಿಮಾಡೆಲ್ಸ್ ಕಂಪನಿಯ ಫ್ರೆಡ್ ಫ್ರಾನ್ಸಿಸ್ 1957ರ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ ‘ಸ್ಕೇಲೆಕ್ಸ್‌ಟ್ರಿಕ್’ ಎಂಬ ಹೆಸರಿನಿಂದ ಇದನ್ನು ಜನರ ಮುಂದಿಟ್ಟರು. ಅದಕ್ಕೂ ಮೊದಲು ಅವರು ಸ್ಪ್ರಿಂಗಿನಿಂದ ಓಡುವ ತಗಡಿನ ಕಾರು ಮಾಡುತ್ತಿದ್ದರು.

ಹಳೆಯ ಬಗೆಯಲ್ಲಿ ಟ್ರಿಗರಿನೊಳಗೆ ಸುತ್ತಿದ ರೆಸಿಸ್ಟೆನ್ಸ್ ತಂತಿ ಇರುತ್ತಿತ್ತು. ಒತ್ತಿದಷ್ಟೂ ಪಟ್ಟಿಗೆ ಹೋಗುವ ವೋಲ್ಟೇಜ್ ಏರುತ್ತದೆ, ಕಾರು ಓಡುತ್ತದೆ. ಅದೇ ಸೀಳಿಗೆ ಇನ್ನೊಂದು ಕಾರು ಇಟ್ಟರೆ ಎರಡೂ ಒಂದೇ ಟ್ರಿಗರಿಗೆ ಕುಣಿಯುತ್ತವೆ. ಹಾಗಾಗಿ ಒಬ್ಬನಿಗೆ ಒಂದು ಸೀಳು. ಒಬ್ಬರ ಹಾದಿಗೆ ಇನ್ನೊಬ್ಬರು ಬರುವಂತಿಲ್ಲ, ಅಡ್ಡಗಟ್ಟುವಂತಿಲ್ಲ, ಸಂದು ನೋಡಿ ಮುಂದೆ ನುಗ್ಗುವಂತಿಲ್ಲ. ರೇಸಿನ ಜೀವವೇ ಅದರಲ್ಲಿರುವಾಗ ಇದು ದೊಡ್ಡ ಕೊರತೆ. 2004ರಲ್ಲಿ ಬಂದ ಸ್ಕೇಲೆಕ್ಸ್‌ಟ್ರಿಕ್ ಸ್ಪೋರ್ಟ್ ಡಿಜಿಟಲ್ ಮತ್ತು ಆ ಹೊತ್ತಿನ ಅದರ ಓರಗೆಯ ವ್ಯವಸ್ಥೆಗಳು ಈ ಕೊರತೆ ನೀಗಿಸಿದವು.

ಡಿಜಿಟಲ್‌ನಲ್ಲಿ ಪಟ್ಟಿಯ ವೋಲ್ಟೇಜ್ ಸುಮಾರು 15ರಲ್ಲಿ ಸ್ಥಿರವಾಗಿರುತ್ತದೆ. ಟ್ರಿಗರ್ ಒತ್ತಿದ್ದು ಪಟ್ಟಿಗೆ ವಿದ್ಯುತ್ ಕೊಡುವ ಬೇಸ್ ಪೆಟ್ಟಿಗೆಗೆ ಒಂದು ಅಂಕಿಯಾಗಿ ತಲುಪುತ್ತದೆ. ಸ್ಕೇಲೆಕ್ಸ್‌ಟ್ರಿಕ್‌ನ ಆರು ಕಾರಿನ ಪೆಟ್ಟಿಗೆ ಕಂಪ್ಯೂಟರಿನೊಂದಿಗೆ ಮಾತಾಡುವ ಕ್ರಮದಲ್ಲಿ ಒಬ್ಬ ಆಟಗಾರನಿಗೆ ಒಂದು ಬೈಟ್ ಮೀಸಲು. ಎಂಟು ಬಿಟ್‌ಗಳಲ್ಲಿ ಆರು ವೇಗಕ್ಕೆ, ಅಂದರೆ ಸೊನ್ನೆಯಿಂದ 63ರವರೆಗೆ, ಒಂದು ಹಾದಿ ಬದಲಿಸುವುದಕ್ಕೆ, ಇನ್ನೊಂದು ಬ್ರೇಕಿಗೆ. ಆಟಗಾರ ಆ ಕ್ಷಣಕ್ಕೆ ಬಯಸುವುದೆಲ್ಲ ಒಂದು ಬೈಟಿನಲ್ಲಿ ಮುಗಿಯಿತು. ಈ ಅಚ್ಚುಕಟ್ಟು ನನಗೆ ತುಂಬ ಇಷ್ಟ.

ಈಗ ಆ ಬೈಟನ್ನು ಪಟ್ಟಿಯ ಮೇಲೆ ಕಳಿಸುವುದು ಹೇಗೆ? ಒಂದು ದಾರಿ ಮಾದರಿ ರೈಲುಗಳ ಲೋಕದಿಂದ ಬಂದದ್ದು. ಜರ್ಮನಿಯ ಲೆಂಝ್ ಕಂಪನಿಯ ಕೆಲಸದಿಂದ ಬೆಳೆದು, ಅಮೆರಿಕದ ಮಾದರಿ ರೈಲು ಸಂಘದ ಮಾನಕವಾದ ಡಿಸಿಸಿ ಪದ್ಧತಿಯಲ್ಲಿ ಎರಡು ಹಳಿಗಳ ಪ್ಲಸ್ ಮೈನಸ್ ಅದಲುಬದಲಾಗುತ್ತಲೇ ಇರುತ್ತವೆ. ಒಂದು ಅದಲುಬದಲಿನಿಂದ ಮುಂದಿನದಕ್ಕೆ ಸುಮಾರು 58 ಮೈಕ್ರೋಸೆಕೆಂಡು ಹಿಡಿದರೆ ಅದು ‘ಒಂದು’, ಸುಮಾರು 100 ಮೈಕ್ರೋಸೆಕೆಂಡು ಅಥವಾ ಹೆಚ್ಚು ಹಿಡಿದರೆ ಅದು ‘ಸೊನ್ನೆ’. ವಿದ್ಯುತ್ ಎಲ್ಲೂ ನಿಲ್ಲುವುದಿಲ್ಲ. ಗಾಡಿಯೊಳಗಿನ ನಾಲ್ಕು ಡಯೋಡಿನ ಬ್ರಿಡ್ಜ್ ಅದನ್ನು ನೇರ ಮಾಡಿಕೊಳ್ಳುತ್ತದೆ, ಪಕ್ಕದಲ್ಲೇ ಮೈಕ್ರೋಕಂಟ್ರೋಲರಿನ ಒಂದು ಪಿನ್ ಅದಲುಬದಲಿನ ಕಾಲ ಅಳೆಯುತ್ತಿರುತ್ತದೆ.

ಇನ್ನೊಂದು ದಾರಿ ಕರೇರಾ ಡಿಜಿಟಲ್‌ನದು. ಇಲ್ಲಿ ಪ್ಲಸ್ ಮೈನಸ್ ಬದಲಾಗುವುದಿಲ್ಲ. ಸಂದೇಶ ಕಳಿಸುವಾಗ ವಿದ್ಯುತ್ತನ್ನು ಕಣ್ಣಿಗೆ ಕಾಣದಷ್ಟು ಹೊತ್ತು ಕಡಿದು ಕಡಿದು ಕೊಡುತ್ತಾರೆ. ಸಾಲಾಗಿ ಹತ್ತು ಸೊನ್ನೆ ಬಂದರೆ ಅಷ್ಟೂ ಹೊತ್ತು ಕರೆಂಟ್ ಹೋದಂತೆಯೇ ಅಲ್ಲವೇ ಎಂಬ ಅನುಮಾನ ಬರುವುದು ಸಹಜ. ಅದಕ್ಕೇ ಮ್ಯಾಂಚೆಸ್ಟರ್ ಕೋಡ್. ಪ್ರತಿ ಬಿಟ್ಟನ್ನೂ ಎರಡು ಅರ್ಧ ಮಾಡಿ, ಒಂದರ್ಧ ವಿದ್ಯುತ್ ಕೊಡಬೇಕು, ಇನ್ನರ್ಧ ತೆಗೆಯಬೇಕು. ಯಾವ ಅರ್ಧ ಮೊದಲು ಎಂಬುದರಿಂದ ಸೊನ್ನೆಯೋ ಒಂದೋ ತಿಳಿಯುತ್ತದೆ. ಸಂದೇಶದಲ್ಲಿ ಏನೇ ಇರಲಿ, ಅರ್ಧ ಕಾಲ ಪಟ್ಟಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ, ಸತತ ಕಡಿತ ಎಷ್ಟೇ ಆದರೂ ಒಂದು ಬಿಟ್ಟಿನ ಕಾಲವನ್ನು ಮೀರುವುದಿಲ್ಲ. ಅದು 100 ಮೈಕ್ರೋಸೆಕೆಂಡು ಎಂದಿಟ್ಟುಕೊಳ್ಳಿ. ಕಾರಿನೊಳಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್, ಚಿಪ್ ಎಳೆಯುವ ಕರೆಂಟ್ 10 ಮಿಲಿಆಂಪಿಯರ್ ಇದ್ದರೆ ಆ ಕಡಿತದಲ್ಲಿ ಇಳಿಯುವ ವೋಲ್ಟೇಜ್ ಒಂದು ವೋಲ್ಟಿನ ನೂರರಲ್ಲಿ ಒಂದು ಭಾಗ. ಚಿಪ್ಪಿಗೆ ಅದು ಗೊತ್ತೂ ಆಗುವುದಿಲ್ಲ. ಪಠ್ಯದಲ್ಲಿ ಮ್ಯಾಂಚೆಸ್ಟರ್ ಕೋಡ್ ಎಂದರೆ ಒಂದು ಚಿತ್ರ, ಐದು ಅಂಕದ ಪ್ರಶ್ನೆ. ಅದು ಯಾಕೆ ಬೇಕಾಯಿತು ಎಂಬುದು ಇಲ್ಲಿ ಕೈಗೇ ಸಿಗುತ್ತದೆ.

ಕಾರಿನೊಳಗಿನ ಸರ್ಕ್ಯೂಟ್ ಬೋರ್ಡ್ ಅಂಚೆಚೀಟಿಗಿಂತ ದೊಡ್ಡದಲ್ಲ. ಮೈಕ್ರೋಕಂಟ್ರೋಲರ್ ತನ್ನ ಸಂಖ್ಯೆಯ ಬೈಟ್ ಓದಿ, ಮಾಸ್ಫೆಟ್ ಎಂಬ ಸ್ವಿಚ್ಚನ್ನು ಸೆಕೆಂಡಿಗೆ ಸಾವಿರಾರು ಸಲ ಹಾಕಿ ತೆಗೆದು ಮೋಟಾರಿನ ವೇಗ ಹೊಂದಿಸುತ್ತದೆ. ಬ್ರೇಕ್ ಹಾಕುವುದೆಂದರೆ ಮೋಟಾರಿನ ಎರಡೂ ತಂತಿಗಳನ್ನು ಒಂದಕ್ಕೊಂದು ಕೂಡಿಸಿಬಿಡುವುದು. ಆ ಕ್ಷಣ ಮೋಟಾರು ಜನರೇಟರ್ ಆಗಿ ತನ್ನ ತಿರುಗಾಟವನ್ನು ತಾನೇ ತಡೆಯುತ್ತದೆ. ಗಾಲಿಗೆ ಪ್ಯಾಡಿಲ್ಲ, ಲೈನರಿಲ್ಲ. ಮೋಟಾರಿನ ಬ್ರಷ್ ಹಾರಿಸುವ ಕಿಡಿ ಮಾತ್ರ ಸಂದೇಶಕ್ಕೆ ದೊಡ್ಡ ಶತ್ರು. ಅದನ್ನು ನುಂಗಲು ಮೋಟಾರಿನ ಬಾಯಿಗೇ ಒಂದು ಸಣ್ಣ ಸೆರಾಮಿಕ್ ಕೆಪಾಸಿಟರ್ ಬೆಸೆದಿರುತ್ತಾರೆ.

ಹಾದಿ ಬದಲಿಸುವ ಜಾಗ ನನ್ನ ಪ್ರಕಾರ ಇಡೀ ಆಟದಲ್ಲಿ ಅತ್ಯಂತ ಕಠಿಣ ಲೆಕ್ಕದ ಜಾಗ. ಪ್ರತಿ ಕಾರಿನ ಕೆಳಗೆ ಒಂದು ಇನ್‌ಫ್ರಾರೆಡ್ ಎಲ್‌ಇಡಿ ಇದೆ. ಒಂದೊಂದು ಕಾರಿನದು ಒಂದೊಂದು ಗತಿಯಲ್ಲಿ ಮಿಟುಕುತ್ತದೆ. ರಸ್ತೆಯೊಳಗಿನ ಸೆನ್ಸರ್ ಆ ಗತಿ ನೋಡಿ ಬಂದದ್ದು ಯಾರೆಂದು ಗುರುತಿಸಬೇಕು, ಆ ಆಟಗಾರ ಗುಂಡಿ ಒತ್ತಿದ್ದಾನೆಯೇ ನೋಡಬೇಕು, ಒತ್ತಿದ್ದರೆ ಸೊಲೆನಾಯ್ಡ್‌ನಿಂದ ಪುಟ್ಟ ನಾಲಿಗೆಯನ್ನು ಸರಿಸಿ ಗೂಟವನ್ನು ಪಕ್ಕದ ಸೀಳಿಗೆ ತಿರುಗಿಸಬೇಕು. 1:32 ಅಳತೆಯಲ್ಲಿ ನಾಲ್ಕು ಮೀಟರಿನ ನಿಜ ಕಾರು ಹನ್ನೆರಡೂವರೆ ಸೆಂಟಿಮೀಟರ್ ಆಗುತ್ತದೆ. ಅದು ಸೆಕೆಂಡಿಗೆ ನಾಲ್ಕು ಮೀಟರ್ ವೇಗದಲ್ಲಿದ್ದರೆ, ಒಂದು ಸೆಂಟಿಮೀಟರಿನ ಸೆನ್ಸರ್ ಕಿಂಡಿಯನ್ನು ದಾಟಲು ಎರಡೂವರೆ ಮಿಲಿಸೆಕೆಂಡು ಸಾಕು. ಎಲ್‌ಇಡಿ ಸೆಕೆಂಡಿಗೆ 2,400 ಸಲ ಮಿಟುಕುತ್ತಿದ್ದರೆ ಆ ಅವಧಿಯಲ್ಲಿ ಸೆನ್ಸರಿಗೆ ಸಿಗುವುದು ಆರು ಮಿಟುಕು. ನಾಲಿಗೆ ಹತ್ತು ಸೆಂಟಿಮೀಟರ್ ಮುಂದಿದ್ದರೆ ಅದು ಸರಿಯಲು ಇರುವ ಕಾಲ 25 ಮಿಲಿಸೆಕೆಂಡು. ಬೆನ್ನಿಗೇ ಅಂಟಿಕೊಂಡು ಇನ್ನೊಂದು ಕಾರು ಬಂದರೆ, ಮೊದಲಿನ ಗೂಟ ದಾಟಿದ ಕೂಡಲೇ ನಾಲಿಗೆ ಮರಳಿ ಬರಬೇಕು. ಹುಡುಗರು ಗದ್ದಲ ಮಾಡುತ್ತ ಆಡುವಾಗ ಇಷ್ಟೆಲ್ಲ ಕೆಳಗೆ ಸದ್ದಿಲ್ಲದೆ ನಡೆಯುತ್ತಿರುತ್ತದೆ.

ಇದೇ ವಿಚಾರಗಳು ನಮ್ಮ ರಾಜ್ಯದಲ್ಲಿ ದೊಡ್ಡ ರೂಪದಲ್ಲಿ ಓಡುತ್ತಿವೆ. ಬೆಂಗಳೂರಿನ ನಮ್ಮ ಮೆಟ್ರೊಗೆ 750 ವೋಲ್ಟ್ ವಿದ್ಯುತ್ ಬರುವುದು ಹಳಿಯ ಪಕ್ಕದ ಮೂರನೇ ಹಳಿಯಿಂದ; ಬ್ರೇಕ್ ಹಾಕಿದಾಗ ಅಲ್ಲೂ ಮೋಟಾರು ಜನರೇಟರ್ ಆಗುತ್ತದೆ, ಹುಟ್ಟಿದ ವಿದ್ಯುತ್ ವ್ಯವಸ್ಥೆಗೆ ಮರಳುತ್ತದೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗದಲ್ಲಿ ರೈಲು ಮತ್ತು ನಿಯಂತ್ರಣ ಕೇಂದ್ರದ ಮಾತುಕತೆ ರೇಡಿಯೊ ಮೂಲಕ ನಡೆಯುತ್ತದೆ. ಸ್ಲಾಟ್ ಕಾರಿನಲ್ಲೂ ಆ ತಿರುವು ಬಂದಿದೆ. ಇಟಲಿಯ ಸ್ಲಾಟ್.ಇಟ್ ಕಂಪನಿಯ ಆಕ್ಸಿಜನ್ ವ್ಯವಸ್ಥೆಯಲ್ಲಿ ಪಟ್ಟಿ ಬರೀ ವಿದ್ಯುತ್ ಹೊರುತ್ತದೆ, ಸಂದೇಶವೆಲ್ಲ 2.4 ಗಿಗಾಹರ್ಟ್ಸ್ ರೇಡಿಯೊದಲ್ಲಿ. ಆದರೂ ಕಲಿಯುವವರಿಗೆ ನಾನು ಪಟ್ಟಿಯ ದಾರಿಯನ್ನೇ ಹೇಳುತ್ತೇನೆ. ರೇಡಿಯೊ ಮಾಡ್ಯೂಲ್ ಕೊಂಡರೆ ಕಷ್ಟದ ಕೆಲಸವನ್ನು ಮಾಡಿಟ್ಟವರು ಬೇರೆ ಯಾರೋ ಆಗಿರುತ್ತಾರೆ.

ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಪ್ಲಾಸ್ಟಿಕ್ ಅಚ್ಚು ಹಾಕುವ ಕೈಗಳ ಜೊತೆಗೆ ಆಟಿಕೆಯೊಳಗಿನ ಬೋರ್ಡ್ ಮತ್ತು ಪ್ರೋಗ್ರಾಂ ಬರೆಯುವ ಕೈಗಳೂ ಉತ್ತರ ಕರ್ನಾಟಕದಲ್ಲೇ ಬೆಳೆಯಬೇಕು ಎಂಬುದು ನನ್ನ ಗಟ್ಟಿ ಆಸೆ. ವಿಜಯಪುರದ ಬಿಎಲ್‌ಡಿಇ ಎಂಜಿನಿಯರಿಂಗ್ ಕಾಲೇಜಿನಲ್ಲಾಗಲಿ ಪಾಲಿಟೆಕ್ನಿಕ್‌ಗಳಲ್ಲಾಗಲಿ ಓದುವವರು ಪ್ರಾಜೆಕ್ಟ್ ಎಂದ ಕೂಡಲೇ ಕಪ್ಪು ಗೆರೆ ಹಿಡಿದು ಹೋಗುವ ರೋಬೊಟ್ ಕಡೆ ನೋಡಬೇಕಿಲ್ಲ. ಸ್ಲಾಟ್ ಕಾರಿಗೆ ಬೇಕಾದದ್ದು ಕಡಿಮೆ: ಬಡಗಿಯಿಂದ ಸೀಳು ಕೊರೆಸಿದ ಎಂಡಿಎಫ್ ಹಲಗೆ, ಅಂಟಿಸುವ ತಾಮ್ರದ ಟೇಪು, ಆಟಿಕೆಯ ಚಿಕ್ಕ ಮೋಟಾರು, ಒಂದು ಆರ್ಡುಯಿನೊ ನ್ಯಾನೊ, ಮಾಸ್ಫೆಟ್, ಬ್ರಿಡ್ಜ್, ಕೆಪಾಸಿಟರ್. ಕೆಳಗೆ ಸವರುವ ಹೆಣೆದ ತಾಮ್ರಕ್ಕೆ ಮೊಬೈಲ್ ರಿಪೇರಿಯವರು ಬೆಸುಗೆ ಹೀರಲು ಬಳಸುವ ವಿಕ್ ಸಾಕು, ಅದರ ಫ್ಲಕ್ಸ್ ತೊಳೆದುಬಿಟ್ಟರೆ ಆಯಿತು. ವೋಲ್ಟೇಜ್ 15 ದಾಟಿಸಬೇಡಿ. ವಿದ್ಯುತ್ ಆಟಿಕೆಗಳ ಸುರಕ್ಷತಾ ಮಾನಕ ಹಾಕಿರುವ ಮಿತಿಯೇ 24. ಪಟ್ಟಿಗೆ ವಿದ್ಯುತ್ ಕೊಡುವ ಕಡೆ ಫ್ಯೂಸ್ ಇರಲೇಬೇಕು, ಏಕೆಂದರೆ ಮಗುಚಿದ ಕಾರು ಎರಡೂ ಪಟ್ಟಿಗಳನ್ನು ಶಾರ್ಟ್ ಮಾಡಬಹುದು.

ನಮ್ಮ ಊರಿನ ಎರಡು ಸಂಗತಿ ಮೊದಲೇ ಲೆಕ್ಕದಲ್ಲಿರಲಿ. ಒಂದು ಬಿಸಿಲು. ಅದರಲ್ಲಿ ಇನ್‌ಫ್ರಾರೆಡ್ ಧಾರಾಳ; ಕಿಟಕಿಯಿಂದ ನೇರ ಬಿಸಿಲು ಬಿದ್ದರೆ ಸೆನ್ಸರಿಗೆ ಕಾರಿನ ಮಿಟುಕು ಕಾಣದೇ ಹೋಗಬಹುದು. ಎರಡನೆಯದು ಧೂಳು. ಬೇಸಿಗೆಯ ಗಾಳಿಗೆ ಹಲಗೆಯ ಮೇಲೆ ಬೇಗ ಪದರು ಕೂರುತ್ತದೆ, ತಾಮ್ರಕ್ಕೂ ಪಟ್ಟಿಗೂ ನಂಟು ತಪ್ಪುತ್ತದೆ. ಸೆಕೆಂಡಿಗೆ ನಾಲ್ಕು ಮೀಟರ್ ವೇಗದ ಕಾರಿಗೆ ನಾಲ್ಕು ಸೆಂಟಿಮೀಟರ್ ಧೂಳು ಎಂದರೆ 10 ಮಿಲಿಸೆಕೆಂಡು ವಿದ್ಯುತ್ತಿಲ್ಲ. ಮೇಲಿನ ಅದೇ ಕೆಪಾಸಿಟರಿನಲ್ಲಿ ಒಂದು ವೋಲ್ಟ್ ಇಳಿಯುತ್ತದೆ, ಚಿಪ್ ತಡೆದುಕೊಳ್ಳುತ್ತದೆ. ಆದರೆ ಮೋಟಾರೂ ಅದೇ ಕೆಪಾಸಿಟರಿನಿಂದ ಎಳೆಯತೊಡಗಿದರೆ ಚಿಪ್ ಆರಿ ಮತ್ತೆ ಮೊದಲಿನಿಂದ ಎಚ್ಚರಗೊಳ್ಳುತ್ತದೆ, ಕಾರು ನಡುದಾರಿಯಲ್ಲಿ ತಡವರಿಸುತ್ತದೆ. ಮೋಟಾರಿನ ದಾರಿಗೂ ಚಿಪ್ಪಿನ ದಾರಿಗೂ ನಡುವೆ ಒಂದು ಡಯೋಡ್ ಇಟ್ಟು ಬೇರೆ ಮಾಡಿ. ಕಾರಿಗೆ ಕೈ ಹಾಕುವ ಮೊದಲು ಎರಡು ಅಡಿ ಟೇಪಿನ ಮೇಲೆ ಒಂದೇ ಒಂದು ಬೈಟ್ ಕಳಿಸಿ, ಆ ತುದಿಯಲ್ಲಿ ಅದನ್ನು ತಪ್ಪಿಲ್ಲದೆ ಓದಿಸಿ. ಆಮೇಲೆ ಮೋಟಾರು ಜೋಡಿಸಿ, ಕಿಡಿ ಹಾರುತ್ತಿರುವಾಗಲೂ ಅದೇ ಬೈಟ್ ಸರಿಯಾಗಿ ಬರುತ್ತಿದೆಯೇ ನೋಡಿ.