ಥ್ರೆಡ್ ಕೂತರೆ ಫಿಲ್ಟರ್ ಆಯಿತೇ?

ಅರೇಹಳ್ಳಿ ಕಡೆ ಕಾರಿಗೆ ಒಂದೇ ಕೆಲಸ ಎಂಬುದಿಲ್ಲ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ಬೊಲೆರೊ ಹತ್ತು ಗಂಟೆಗೆ ಗೊಬ್ಬರದ ಮೂಟೆ ಹೊತ್ತು ತೋಟದ ಮಣ್ಣುದಾರಿ ಹತ್ತುತ್ತದೆ. ಕೊಯ್ಲಿನ ದಿನಗಳಲ್ಲಿ ಆಳುಗಳನ್ನು ಕರೆತರುವುದೂ ಅದೇ, ಸಂಜೆ ಬೇಲೂರಿನ ಛತ್ರಕ್ಕೆ ಮದುವೆ ಊಟಕ್ಕೆ ಹೋಗುವುದೂ ಅದೇ. ಇಷ್ಟು ದುಡಿಯುವ ಗಾಡಿಗೆ ಆಯಿಲ್ ಬದಲಿಸುವಾಗ ಮಾಲೀಕರು ಯಾವ ಕಂಪನಿಯ ಆಯಿಲ್, ಯಾವ ಗ್ರೇಡು ಎಂದು ಅರ್ಧ ಗಂಟೆ ಚರ್ಚೆ ಮಾಡುತ್ತಾರೆ. ಫಿಲ್ಟರ್ ಮಾತು ಬಂದಾಗ ಮಾತ್ರ ಒಂದೇ ಉತ್ತರ: "ಯಾವುದಾದ್ರೂ ಹಾಕಿ ಮಾರಾಯ್ರೆ, ಥ್ರೆಡ್ ಕೂತ್ರೆ ಆಯ್ತಲ್ಲ."

ಆಯಿಲ್ ಫಿಲ್ಟರ್ ಬಗ್ಗೆ ಇರುವ ನಂಬಿಕೆಗಳಲ್ಲಿ ಅತಿ ಹಳೆಯದೂ ಅತಿ ಅಪಾಯದ್ದೂ ಇದೇ. ಡಬ್ಬಿಯಾಕಾರದ ಫಿಲ್ಟರ್‌ಗಳಲ್ಲಿ ಎರಡು ಥ್ರೆಡ್ ಅಳತೆಗಳು ಹೆಚ್ಚು ಚಾಲ್ತಿಯಲ್ಲಿವೆ. ಒಂದು ಮೆಟ್ರಿಕ್ ಲೆಕ್ಕದ್ದು, 20 ಮಿ.ಮೀ. ವ್ಯಾಸ, 1.5 ಮಿ.ಮೀ. ಪಿಚ್. ಇನ್ನೊಂದು ಇಂಚಿನ ಲೆಕ್ಕದ್ದು, ಮುಕ್ಕಾಲು ಇಂಚು ವ್ಯಾಸ, ಇಂಚಿಗೆ 16 ಸುತ್ತು. ಮುಕ್ಕಾಲು ಇಂಚೆಂದರೆ 19.05 ಮಿ.ಮೀ. ಹಾಗಾಗಿ ಮುಕ್ಕಾಲು ಇಂಚಿನ ಸ್ಟಡ್ ಇರುವ ಎಂಜಿನ್ನಿಗೆ 20 ಮಿ.ಮೀ. ಫಿಲ್ಟರ್ ತಿರುಗಿಸಿದರೆ ಅದು ತಕರಾರಿಲ್ಲದೆ ಹತ್ತುತ್ತದೆ, ಕೊನೆಗೆ ಬಿಗಿಯಾದ ಹಾಗೂ ಅನಿಸುತ್ತದೆ. ಆದರೆ ಒಳಗೆ ಹಿಡಿದಿರುವುದು ಥ್ರೆಡ್‌ಗಳ ತುದಿ ಮಾತ್ರ. ಚಳಿಗಾಲದ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಆಯಿಲ್ ಗಟ್ಟಿಯಾಗಿರುತ್ತದೆ, ಅದರ ಒತ್ತಡ ಬಿಸಿ ಎಂಜಿನ್ನಿನಲ್ಲಿ ಇರುವುದಕ್ಕಿಂತ ತುಂಬ ಹೆಚ್ಚಿರುತ್ತದೆ. ಅರ್ಧ ಹಿಡಿತದ ಫಿಲ್ಟರ್ ಕೈಕೊಡುವುದು ಆಗಲೇ. ಹಾಕುವಾಗ ಫಿಲ್ಟರ್ ಸ್ವಲ್ಪ ಅಲ್ಲಾಡಿದರೂ ಅಲ್ಲಿಗೇ ಬಿಚ್ಚಿ ಅಂಗಡಿಗೆ ವಾಪಸ್ ಕೊಡುವುದು ಲೇಸು.

ಥ್ರೆಡ್ ಸರಿಯಾಗಿಯೇ ಇದೆ ಎಂದುಕೊಳ್ಳೋಣ. ಮುಂದಿನದು ರಬ್ಬರ್ ರಿಂಗ್. ಅದು ಎಂಜಿನ್ನಿನ ಮೇಲೆ ನುಣುಪಾಗಿ ಕಡೆದ ಜಾಗದ ನಡುವೆಯೇ ಕೂರಬೇಕು. ರಿಂಗಿನ ಸುತ್ತಳತೆ ಕೊಂಚ ಹಿರಿದೋ ಕಿರಿದೋ ಆದರೆ ಅದರ ಒಂದು ಅಂಚು ಹೊರಗೆ ಜಾರುತ್ತದೆ. ಆ ಹೊತ್ತಿಗೆ ಸೋರಿಕೆ ಕಾಣದಿರಬಹುದು, ಬಿಸಿಲೆ ಘಾಟಿಯ ನಡುವೆ ಕಾಣಬಹುದು. ಡಬ್ಬಿಯ ಎತ್ತರವನ್ನೂ ಯಾರೂ ನೋಡುವುದಿಲ್ಲ. ಕೆಳಕ್ಕೆ ಇಳಿಬಿದ್ದ ಉದ್ದದ ಫಿಲ್ಟರ್‌ಗೆ ತೋಟದ ದಾರಿಯ ಕಲ್ಲು ಬಡಿಯಲು ತಡವಿಲ್ಲ.

ಇಷ್ಟೆಲ್ಲ ಹೊರಗಿನ ಮಾತು. ನಿಜವಾದ ವ್ಯತ್ಯಾಸ ಇರುವುದು ಡಬ್ಬಿಯ ಒಳಗೆ, ಎರಡು ಸಣ್ಣ ವಾಲ್ವ್‌ಗಳಲ್ಲಿ.

ಮೊದಲನೆಯದು ಬೈಪಾಸ್ ವಾಲ್ವ್. ಪಂಪ್ ತಳ್ಳಿದ ಆಯಿಲ್ ಫಿಲ್ಟರ್ ಕಾಗದದ ಮೂಲಕ ಹಾದು ಬೇರಿಂಗ್‌ಗಳಿಗೆ ಹೋಗುತ್ತದೆ. ಚಳಿಗೆ ಆಯಿಲ್ ಗಟ್ಟಿಯಾದಾಗ ಅಥವಾ ಕಾಗದ ಕಟ್ಟಿಕೊಂಡಾಗ ಅದು ಸಲೀಸಾಗಿ ಹಾಯಲಾರದು. ಆಗ ಸ್ಪ್ರಿಂಗ್ ಒತ್ತಿಹಿಡಿದಿರುವ ಈ ವಾಲ್ವ್ ತೆರೆದು, ಸೋಸದ ಆಯಿಲನ್ನೇ ನೇರ ಬಿಡುತ್ತದೆ. ಎಂಜಿನ್ ಒಣಗುವುದಕ್ಕಿಂತ ಕೊಳೆ ಆಯಿಲ್ ಮೇಲು ಎಂಬ ಲೆಕ್ಕ ಅದು. ಈ ವಾಲ್ವ್ ಎಷ್ಟು ಒತ್ತಡಕ್ಕೆ ತೆರೆಯಬೇಕೆಂದು ತೀರ್ಮಾನಿಸುವುದು ಆ ಎಂಜಿನ್ ವಿನ್ಯಾಸ ಮಾಡಿದವರು. ಸುಮಾರು 1 ಬಾರ್‌ಗೆ ತೆರೆಯುವ ಫಿಲ್ಟರೂ ಇದೆ, 2.5 ಬಾರ್‌ವರೆಗೆ ಕಾಯುವುದೂ ಇದೆ. ಹೊರಗಿನಿಂದ ಎರಡೂ ಒಂದೇ ಡಬ್ಬಿ. ಸ್ಪ್ರಿಂಗ್ ತೀರ ಸಡಿಲವಿದ್ದರೆ ಅರ್ಧ ಕಾಲ ಆಯಿಲ್ ಸೋಸದೆಯೇ ಓಡುತ್ತದೆ, ತೀರ ಬಿಗಿ ಇದ್ದರೆ ಕಾಗದದ ಮಡಿಕೆ ಕುಸಿಯಬಹುದು. ಇನ್ನು ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ವಾಲ್ವ್ ಎಂಜಿನ್ನಿನ ಬ್ಲಾಕ್‌ನಲ್ಲೇ ಇರುತ್ತದೆ, ಅವುಗಳ ಫಿಲ್ಟರ್‌ನಲ್ಲಿ ಇರುವುದೇ ಇಲ್ಲ. ಅಂಥ ಫಿಲ್ಟರನ್ನು ಬೇರೆ ಎಂಜಿನ್ನಿಗೆ ಹಾಕಿದರೆ ಅಪಾಯಕ್ಕೆ ಇಟ್ಟ ಬಾಗಿಲೇ ಮುಚ್ಚಿದಂತಾಯಿತು.

ಎರಡನೆಯದು ಎಂಜಿನ್ ನಿಂತ ಮೇಲೆ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ಪರದೆ. ಫಿಲ್ಟರಿನ ಬಾಯಿಯಲ್ಲಿ ಸುತ್ತ ಇರುವ ಸಣ್ಣ ತೂತುಗಳೊಳಗೆ ಒಂದು ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ಅದು ಮಣಿಯುವುದು ಗೊತ್ತಾಗುತ್ತದೆ. ಕಪ್ಪಗಿದ್ದರೆ ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್, ಕೆಂಪು ಅಥವಾ ಕಿತ್ತಳೆ ಬಣ್ಣದ್ದಾದರೆ ಹೆಚ್ಚಾಗಿ ಸಿಲಿಕೋನ್. ನೈಟ್ರೈಲ್ ಶಾಖಕ್ಕೆ ಬೇಗ ಗಡುಸಾಗುತ್ತದೆ, ಸಿಲಿಕೋನ್ ಹೆಚ್ಚು ಕಾಲ ಮೆದುವಾಗಿರುತ್ತದೆ. ಫಿಲ್ಟರ್ ಅಡ್ಡಲಾಗಿಯೋ ತಲೆಕೆಳಗಾಗಿಯೋ ಕೂರುವ ಎಂಜಿನ್‌ಗಳಲ್ಲಿ ಈ ಪರದೆ ಕೆಟ್ಟರೆ ರಾತ್ರಿ ಆಯಿಲೆಲ್ಲ ಕೆಳಗಿನ ಸಂಪಿಗೆ ಇಳಿದುಬಿಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೆಲವು ಸೆಕೆಂಡು ಟಕಟಕ ಸದ್ದು, ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರಲು ತಡ. ಮಾಲೀಕರು ಟ್ಯಾಪೆಟ್ ಸದ್ದೆಂದು ಮೆಕ್ಯಾನಿಕ್ ಹತ್ತಿರ ಓಡುತ್ತಾರೆ. ಹೊರಗಿನ ಫಿಲ್ಟರ್ ಹಾಕಿದ ಮೇಲೆ ಸದ್ದು ಬಂದರೆ ಮೊದಲು ಕಂಪನಿ ಫಿಲ್ಟರ್ ಹಾಕಿ ನೋಡಿ ಎಂದು ಅಮೆರಿಕದಲ್ಲಿ ಹ್ಯುಂಡೈ ತನ್ನ ಡೀಲರ್‌ಗಳಿಗೆ ಸೂಚನೆಯನ್ನೇ ಕಳಿಸಿತ್ತು. ಬಾಯಿ ಮೇಲ್ಮುಖವಾಗಿ ನೆಟ್ಟಗೆ ತೂಗುವ ಫಿಲ್ಟರ್‌ಗೆ ಈ ತಾಪತ್ರಯ ಕಡಿಮೆ.

"ಬೊಲೆರೊ ಫಿಲ್ಟರ್ ಕೊಡಿ ಅಣ್ಣ" ಎಂದು ಕೇಳುವುದು ಇನ್ನೊಂದು ಎಡವಟ್ಟು. ಯಾವ ಬೊಲೆರೊ? 2000ದಲ್ಲಿ ಬಂದದ್ದರಲ್ಲಿ ಪ್ಯೂಜೊ ಮೂಲದ 2.5 ಲೀಟರ್ ಡೀಸೆಲ್ ಎಂಜಿನ್ ಇತ್ತು. ಆಮೇಲೆ ಕಾಮನ್ ರೈಲ್ ಬಂತು. 2016ರ ಪವರ್ ಪ್ಲಸ್‌ಗೆ 1.5 ಲೀಟರ್, ಮೂರು ಸಿಲಿಂಡರಿನ ಎಂಹಾಕ್ ಡಿ70 ಕೂರಿಸಿದರು. 2020ರಲ್ಲಿ ಬಿಎಸ್ 6 ಕಡ್ಡಾಯವಾದಾಗ ಎಂಹಾಕ್ 75. ಮೂತಿ ಹೆಚ್ಚುಕಡಿಮೆ ಅದೇ ಚೌಕಟ್ಟು, ಬಾನೆಟ್ ಒಳಗೆ ಬೇರೆ ಬೇರೆ ಎಂಜಿನ್. ಸ್ವಿಫ್ಟ್‌ನದು ಇನ್ನೂ ಸೋಜಿಗ. ಪೆಟ್ರೋಲ್ ಸ್ವಿಫ್ಟ್‌ಗೆ ತಿರುಗಿಸಿ ಹಾಕುವ ಲೋಹದ ಡಬ್ಬಿ. ಡೀಸೆಲ್ ಸ್ವಿಫ್ಟ್‌ಗೆ ಡಬ್ಬಿಯೇ ಇಲ್ಲ, ಮುಚ್ಚಳ ಬಿಚ್ಚಿ ಒಳಗಿಡುವ ಪೇಪರ್ ಎಲಿಮೆಂಟ್. ಆ ಡೀಸೆಲ್ ಕಾರಿನದು ಫಿಯಟ್‌ನ 1.3 ಲೀಟರ್ ಮಲ್ಟಿಜೆಟ್ ಎಂಜಿನ್. ಮಾರುತಿಯ ಸ್ವಿಫ್ಟ್, ಡಿಜೈರ್, ರಿಟ್ಜ್‌ನಿಂದ ಹಿಡಿದು ಟಾಟಾದ ವಿಸ್ಟಾ, ಫಿಯಟ್‌ನ ಲೀನಿಯಾ, ಪುಂಟೊವರೆಗೆ ಎಲ್ಲೆಲ್ಲೂ ದುಡಿದು, 2020ರಲ್ಲಿ ಮಾರುತಿಯ ಡೀಸೆಲ್ ಕಾರುಗಳ ಜೊತೆ ತೆರೆಮರೆಗೆ ಸರಿಯಿತು. ಅಂದರೆ ಒಂದೇ ಹೆಸರಿನ ಎರಡು ಕಾರಿನ ಫಿಲ್ಟರ್ ಬೇರೆ, ಬೇರೆ ಬೇರೆ ಕಂಪನಿಯ ಕಾರುಗಳ ಎಂಜಿನ್ ಒಂದೇ ಆಗಿರುವುದುಂಟು.

ಅಂಗಡಿಯಲ್ಲಿ ಹೇಳಬೇಕಾದ್ದು ಕಾರಿನ ಹೆಸರನ್ನಲ್ಲ. ಆರ್‌ಸಿಯಲ್ಲಿ ಚಾಸಿಸ್ ನಂಬರ್, ಎಂಜಿನ್ ನಂಬರ್, ತಯಾರಾದ ತಿಂಗಳು, ವರ್ಷ ಎಲ್ಲ ಇರುತ್ತದೆ. ಡಿಜಿಲಾಕರ್‌ನಲ್ಲಿ ಆರ್‌ಸಿ ಇಟ್ಟುಕೊಂಡವರಿಗೆ ಮೊಬೈಲೇ ಸಾಕು. ಹಾಸನದ ದೊಡ್ಡ ಅಂಗಡಿಯಾಗಲಿ, ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ಕ್ಯಾಟಲಾಗ್ ನೋಡಿ ಕೊಡುವವರು ಕೇಳುವುದು ಅದನ್ನೇ. ಹಳೇ ಫಿಲ್ಟರಿನ ನಂಬರ್ ತೋರಿಸಿದರೂ ನಡೆಯುತ್ತದೆ, ಆದರೆ ಹಿಂದಿನ ಸಲ ಹಾಕಿದವರು ಸರಿಯಾದದ್ದನ್ನೇ ಹಾಕಿದ್ದರು ಎಂಬ ಭರವಸೆ ಬೇಕು. ನಂಬರಿನ ಕೊನೆಯ ಅಂಕಿ ಬೇರೆಯಾಯಿತೆಂದು ಗಾಬರಿಯಾಗಬೇಕಿಲ್ಲ. ಹ್ಯುಂಡೈನ 26300-35503 ಎಂಬ ಫಿಲ್ಟರ್ 35504 ಆಗಿ, ಆಮೇಲೆ 35505 ಆಗಿ ಬಂದಿದೆ. ಒಂದರ ಜಾಗಕ್ಕೆ ಇನ್ನೊಂದು, ಅಷ್ಟೇ. ಹಾಗೆಂದು ಎಲ್ಲ ಕಂಪನಿಯ ನಂಬರ್‌ಗಳಿಗೂ ಈ ಲೆಕ್ಕ ಹಾಕಲಾಗದು, ಕ್ಯಾಟಲಾಗ್‌ನಲ್ಲಿ 'ಬದಲಿ ನಂಬರ್' ಎಂದು ಇದೆಯೇ ಎಂದು ಕೇಳಬೇಕು.

ಇನ್ನು ಹಿರಿಯರ ವಾದ: "ನಮ್ಮಪ್ಪನ ಜೀಪು ವರ್ಷಗಟ್ಟಲೆ ಫಿಲ್ಟರ್ ಬದಲಿಸದೆ ಓಡ್ತಿತ್ತು." ಓಡಿರಬಹುದು, ಅದರಲ್ಲಿ ಸುಳ್ಳೇನಿಲ್ಲ. ಮೋಟಾರು ಕಾರಿಗೆ ಆಯಿಲ್ ಫಿಲ್ಟರ್ ಜೋಡಿಸುವ ಕಲ್ಪನೆಗೆ ರೂಪ ಕೊಟ್ಟವನು ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್, 1923ರಲ್ಲಿ. ಆತನ ಫಿಲ್ಟರಿನ ಹೆಸರು ಪ್ಯೂರೊಲೇಟರ್, ಇಂದಿಗೂ ನಮ್ಮ ಅಂಗಡಿಗಳಲ್ಲಿ ಕಾಣುವ ಹೆಸರು. ಹಳೇ ಕಾಲದ ಬಹುತೇಕ ಫಿಲ್ಟರ್‌ಗಳು, ವಿಲ್ಲಿಸ್ ಜೀಪಿನದೂ ಸೇರಿ, ಪಕ್ಕದ ದಾರಿಯಲ್ಲಿ ಕೂತಿದ್ದವು. ಪಂಪಿನ ಆಯಿಲಿನಲ್ಲಿ ಒಂದು ಪಾಲು ಮಾತ್ರ ಫಿಲ್ಟರ್ ಹೊಕ್ಕು ಸಂಪಿಗೆ ಮರಳುತ್ತಿತ್ತು, ಉಳಿದದ್ದು ನೇರವಾಗಿ ಬೇರಿಂಗಿಗೆ. ಫಿಲ್ಟರ್ ಪೂರ್ತಿ ಕಟ್ಟಿಕೊಂಡರೂ ಎಂಜಿನ್ನಿಗೆ ಆಯಿಲ್ ತಪ್ಪುತ್ತಿರಲಿಲ್ಲ, ಸೋಸುವುದೊಂದೇ ನಿಲ್ಲುತ್ತಿತ್ತು. ಈಗಿನ ಕಾರುಗಳಲ್ಲಿ ಬೇರಿಂಗಿಗೆ ಹೋಗುವ ಆಯಿಲೆಲ್ಲ ಫಿಲ್ಟರ್ ದಾಟಿಯೇ ಹೋಗಬೇಕು. ಅಪ್ಪನ ಜೀಪಿಗೆ ನಡೆದದ್ದು ಮಗನ ಬ್ರೆಝಾಗೆ ನಡೆಯದಿರುವುದು ಈ ಕಾರಣಕ್ಕೆ.

ಫಿಲ್ಟರನ್ನು ಡೀಸೆಲ್‌ನಲ್ಲಿ ತೊಳೆದು ಮತ್ತೆ ಹಾಕುವವರು ಈಗಲೂ ಇದ್ದಾರೆ. ಕಾಗದದ ಎಳೆಗಳೊಳಗೆ ಹೊಕ್ಕ ಕಣ ತೊಳೆದರೆ ಹೋಗದು, ತೊಳೆಯುವ ರಭಸಕ್ಕೆ ಕಾಗದ ಹರಿದರೆ ಗೊತ್ತಾಗದು. ಈ ವಿಷಯಕ್ಕೆ ಇದಕ್ಕಿಂತ ಹೆಚ್ಚು ಮಾತು ಬೇಡ.

ದೊಡ್ಡ ಫಿಲ್ಟರ್, ಭಾರದ ಫಿಲ್ಟರ್ ಒಳ್ಳೆಯದು ಎಂಬ ಮಾತಿನಲ್ಲಿ ಅರ್ಧ ನಿಜವಿದೆ. ಕಾಗದದ ವಿಸ್ತಾರ ಹೆಚ್ಚಿದ್ದರೆ ಹೆಚ್ಚು ಕೊಳೆ ಹಿಡಿಯುತ್ತದೆ. ಆದರೆ ಡಬ್ಬಿ ದೊಡ್ಡದಾದ ಮಾತ್ರಕ್ಕೆ ಒಳಗಿನ ಕಾಗದ ದೊಡ್ಡದಿರಬೇಕೆಂದಿಲ್ಲ, ಮೇಲೆ ಹೇಳಿದ ವಾಲ್ವ್‌ಗಳಂತೂ ಹೊಂದಬೇಕೆಂದೇ ಇಲ್ಲ. ಪೊಟ್ಟಣದ ಮೇಲಿನ '20 ಮೈಕ್ರಾನ್' ಎಂಬ ಅಚ್ಚಿಗೂ ಮರುಳಾಗಬಾರದು. ಕಾಫಿ ಬೀಜದ ಗ್ರೇಡಿಂಗ್ ಜರಡಿಗೆ ಇಂತಿಷ್ಟೇ ಅಳತೆಯ ತೂತು ಇರುತ್ತದೆ, ಅದಕ್ಕಿಂತ ದೊಡ್ಡದು ಮೇಲೆ, ಸಣ್ಣದು ಕೆಳಗೆ. ಫಿಲ್ಟರ್ ಕಾಗದ ಹಾಗಲ್ಲ, ಅದು ಎಳೆಗಳ ಗೋಜಲು. 20 ಮೈಕ್ರಾನಿನ ನೂರು ಕಣ ಬಂದರೆ ಎಷ್ಟನ್ನು ಹಿಡಿಯುತ್ತದೆ ಎಂಬುದೇ ಪ್ರಶ್ನೆ. ಐವತ್ತೋ ತೊಂಬತ್ತೊಂಬತ್ತೋ ಹೇಳದೆ ಬರೀ ಮೈಕ್ರಾನ್ ಬರೆದರೆ ಅದಕ್ಕೆ ಅರ್ಥವಿಲ್ಲ. ಇದನ್ನು ಅಳೆಯಲೆಂದೇ ಐಎಸ್‌ಒ 4548-12 ಎಂಬ ಪರೀಕ್ಷಾ ಕ್ರಮವಿದೆ. ಒಳ್ಳೆಯ ತಯಾರಕರು ಆ ಪರೀಕ್ಷೆಯ ಹೆಸರನ್ನೂ ಶೇಕಡಾ ಲೆಕ್ಕವನ್ನೂ ಒಟ್ಟಿಗೆ ಕೊಡುತ್ತಾರೆ.

ಹೊಸ ಆಯಿಲ್ ವಾರದೊಳಗೆ ಕಪ್ಪಾಯಿತು, ಹಾಗಾಗಿ ಫಿಲ್ಟರ್ ಡೂಪ್ಲಿಕೇಟ್ ಎನ್ನುವುದೂ ಸರಿಯಲ್ಲ. ಡೀಸೆಲ್ ಎಂಜಿನ್ನಿನ ಮಸಿಯ ಕಣಗಳು ಒಂದು ಮೈಕ್ರಾನಿಗಿಂತಲೂ ಸಣ್ಣವು, ಯಾವ ಕಾಗದವೂ ಅವನ್ನು ತಡೆಯುವುದಿಲ್ಲ. ಆಯಿಲ್ ಕಪ್ಪಾದರೆ ಅದು ಮಸಿಯನ್ನು ಒಂದೆಡೆ ಕಟ್ಟದಂತೆ ತನ್ನಲ್ಲಿ ಹಿಡಿದಿಟ್ಟುಕೊಂಡಿದೆ ಎಂದೇ ಅರ್ಥ.

ಸರಿಯಾದ ಫಿಲ್ಟರನ್ನೂ ತಪ್ಪಾಗಿ ಹಾಕಿ ಕೆಡಿಸುವವರಿದ್ದಾರೆ. "ಗಟ್ಟಿ ಬಿಗಿ ಮಾಡು, ತೋಟದ ದಾರಿ" ಎಂದು ಚೈನ್ ಸ್ಪ್ಯಾನರ್ ಹಾಕಿ ಎಳೆದರೆ ರಿಂಗ್ ಹಿಸುಕಿ ಹೋಗುತ್ತದೆ, ಮುಂದಿನ ಸಲ ಬಿಚ್ಚುವಾಗ ಡಬ್ಬಿಯೇ ಹರಿಯುತ್ತದೆ. ಸಾಮಾನ್ಯ ಕ್ರಮ ಇಷ್ಟು: ರಿಂಗಿಗೆ ಹೊಸ ಆಯಿಲ್ ಬೆರಳಲ್ಲಿ ಸವರಿ, ಕೈಯಲ್ಲೇ ತಿರುಗಿಸಿ, ರಿಂಗ್ ಎಂಜಿನ್ನಿಗೆ ತಾಗಿದ ಮೇಲೆ ಮುಕ್ಕಾಲು ಸುತ್ತು. ಎಷ್ಟು ಸುತ್ತೆಂದು ಹಲವು ಡಬ್ಬಿಗಳ ಮೇಲೇ ಚಿತ್ರ ಇರುತ್ತದೆ. ಅದಕ್ಕೂ ಮುಂಚೆ ಹಳೇ ಫಿಲ್ಟರಿನ ಜೊತೆ ಹಳೇ ರಿಂಗ್ ಬಂತೇ ಎಂದು ನೋಡಬೇಕು. ಅದು ಎಂಜಿನ್ನಿಗೇ ಅಂಟಿ ಉಳಿದು, ಅದರ ಮೇಲೆ ಹೊಸದು ಕೂತರೆ ಆಯಿಲೆಲ್ಲ ನಿಮಿಷಗಳಲ್ಲಿ ನೆಲದ ಪಾಲು. ಎಲಿಮೆಂಟ್ ಮಾದರಿಯಲ್ಲಿ ಮುಚ್ಚಳದ ಓ-ರಿಂಗ್ ಪ್ರತಿ ಸಲ ಹೊಸದೇ ಆಗಬೇಕು. ಆ ಮುಚ್ಚಳ ಹಲವು ಕಾರುಗಳಲ್ಲಿ ಪ್ಲಾಸ್ಟಿಕ್, ಅತಿ ಬಿಗಿಗೆ ಸೀಳುತ್ತದೆ.

ಕೊನೆಗೆ ವಾರಂಟಿಯ ಗುಮ್ಮ. "ಶೋರೂಂ ಫಿಲ್ಟರ್ ಬಿಟ್ಟು ಬೇರೆ ಹಾಕಿದ್ರೆ ವಾರಂಟಿ ಹೋಯ್ತು ಸಾರ್" ಎಂಬ ಮಾತು ಕೇಳದವರಿಲ್ಲ. ಕಾರು ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನು ತಾವೇ ತಯಾರಿಸುವುದಿಲ್ಲ. ಫಿಲ್ಟರ್ ಕಾರ್ಖಾನೆಗಳಿಂದ ತಮ್ಮ ಅಳತೆಗೆ ಮಾಡಿಸಿ ತಮ್ಮ ಪೊಟ್ಟಣದಲ್ಲಿ ಮಾರುತ್ತವೆ. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ದಂಡದ ವ್ಯಾಜ್ಯ ಮೇಲ್ಮನವಿಗಳ ದಾರಿ ಹಿಡಿಯಿತು. ಆದರೆ ಆ ಆದೇಶದ ಒಂದು ಮಾತು ಕಾರು ಮಾಲೀಕರಿಗೆ ಮುಖ್ಯ: ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡುವ ಷರತ್ತು ಹಾಕುವಂತಿಲ್ಲ, ಹೊರಗಿನ ತಪ್ಪು ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದು.

ಈ ವಿನಾಯಿತಿಯ ಇನ್ನೊಂದು ಮಗ್ಗುಲೂ ಇದೆ. ತಪ್ಪು ಫಿಲ್ಟರಿನಿಂದಲೇ ಬೇರಿಂಗ್ ಹೋಗಿದ್ದರೆ ಕಂಪನಿ ಕೈತೊಳೆದುಕೊಳ್ಳಬಹುದು. ಹಾಗಾಗಿ ಹೊರಗೆ ಕೊಳ್ಳುವಾಗ ಪೊಟ್ಟಣದ ಮೇಲೆ ತಯಾರಕರ ಹೆಸರು ವಿಳಾಸ, ಎಂಆರ್‌ಪಿ, ತಿಂಗಳು ವರ್ಷ, ಗ್ರಾಹಕರ ದೂರಿನ ನಂಬರ್ ಇದೆಯೇ ನೋಡಬೇಕು. ಇವೆಲ್ಲ ಪೊಟ್ಟಣದ ಸರಕಿಗೆ ಕಾನೂನೇ ಕಡ್ಡಾಯ ಮಾಡಿರುವ ವಿವರಗಳು, ನಕಲಿ ಮಾಲು ಮೊದಲು ತಪ್ಪುವುದೂ ಇಲ್ಲೇ. ಬಿಲ್ಲಿನಲ್ಲಿ 'ಆಯಿಲ್ ಫಿಲ್ಟರ್ 1' ಎಂದು ಬರೆಸಿ ಸುಮ್ಮನಾಗದೆ ಪಾರ್ಟ್ ನಂಬರ್, ದಿನಾಂಕ, ಗಾಡಿ ಓಡಿದ ಕಿಲೋಮೀಟರ್ ಮೂರನ್ನೂ ಬರೆಸಿಕೊಂಡರೆ, ಮುಂದೆ ಸರ್ವೀಸ್ ಸೆಂಟರಿನ ಮೇಜಿನ ಮುಂದೆ ತೋರಿಸಲು ಒಂದು ಕಾಗದವಾದರೂ ಇರುತ್ತದೆ.